ತೀವ್ರ ವೈರಲ್ ನ್ಯುಮೋನಿಯಾದಲ್ಲಿ ಸಿಟಿ ಸ್ಕ್ಯಾನ್ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್, ಎಚ್1ಎನ್1 ಅಥವಾ ಇನ್ಯಾವುದೇ ವೈರಸ್‌ನಿಂದ ನ್ಯುಮೋನಿಯಾ ತೀವ್ರವಾದಾಗ ಎದೆಯ ಸಿಟಿ ಸ್ಕ್ಯಾನ್‌ನಿಂದ ಬರುವ ಅಂಕಿಗಳ ಬಗ್ಗೆ ರೋಗಿಯ ಮನೆಯವರು, ವಾರ್ಡಿನ ಕಿರಿಯ ವೈದ್ಯರು, ಸಿಟಿ ಟೆಕ್ನೀಶಿಯನ್ನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಕೆಲವು ಎಲ್ಲರಿಗೂ ಸಂಬಂಧಿಸಿದವು. ನಡುವಿನವು ಸ್ಕ್ಯಾನರ್ ಮತ್ತು ಕಂಪ್ಯೂಟರ್ ಮುಂದೆ ಕೂರುವವರಿಗೆ.

ರಿಪೋರ್ಟ್‌ನಲ್ಲಿ "ಸಿಟಿ ಸ್ಕೋರ್ 10/25" ಎಂದಿದೆ. ಶ್ವಾಸಕೋಶ ಶೇ 40ರಷ್ಟು ಹಾಳಾಗಿದೆ ಎಂದೇ?

ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು, ಒಟ್ಟು ಐದು ಹಾಲೆಗಳಿವೆ. ರೇಡಿಯಾಲಜಿಸ್ಟ್ ಒಂದೊಂದು ಹಾಲೆಯನ್ನೂ ಕಣ್ಣಳತೆಯಲ್ಲಿ ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಏನೂ ಇಲ್ಲದಿದ್ದರೆ 0, ಶೇ 5ಕ್ಕಿಂತ ಕಡಿಮೆ ಆವರಿಸಿದ್ದರೆ 1, ಶೇ 5ರಿಂದ 25ಕ್ಕೆ 2, ಶೇ 26ರಿಂದ 49ಕ್ಕೆ 3, ಶೇ 50ರಿಂದ 75ಕ್ಕೆ 4, ಅದಕ್ಕೂ ಮೇಲಿದ್ದರೆ 5. ಐದನ್ನೂ ಕೂಡಿದರೆ 25ಕ್ಕೆ ಸ್ಕೋರ್ ಸಿಗುತ್ತದೆ.

ಮೆಟ್ಟಿಲುಗಳು ಸಮನಾಗಿಲ್ಲ ಎನ್ನುವುದನ್ನು ಗಮನಿಸಿ. ಐದೂ ಹಾಲೆಗಳಲ್ಲಿ ಶೇ 6ರಷ್ಟೇ ಮಚ್ಚೆಗಳಿದ್ದರೂ ಸ್ಕೋರ್ 10. ಐದರಲ್ಲೂ ಶೇ 24 ಇದ್ದರೂ ಅದೇ 10. ಮೊದಲನೆಯವರು ಮನೆಯಲ್ಲಿ ಓಡಾಡಿಕೊಂಡಿರಬಹುದು, ಎರಡನೆಯವರಿಗೆ ಆಮ್ಲಜನಕ ಬೇಕಾಗಿರಬಹುದು. ಎಲ್ಲ ಹಾಲೆಗಳಲ್ಲೂ ಅರ್ಧಕ್ಕೆ ತುಸು ಮೇಲೆ ಹೋದರೆ ಸ್ಕೋರ್ ನೇರ 20ಕ್ಕೆ ಜಿಗಿಯುತ್ತದೆ. ಅಲ್ಲದೆ ಹಾಲೆಗಳ ಗಾತ್ರವೂ ಒಂದೇ ಅಲ್ಲ. ಬಲಗಡೆಯ ಮಧ್ಯದ ಹಾಲೆ ಚಿಕ್ಕದು, ಕೆಳಗಿನವು ದೊಡ್ಡವು. ಸ್ಕೋರ್‌ನಲ್ಲಿ ಮಾತ್ರ ಎಲ್ಲಕ್ಕೂ ಸಮಾನ ತೂಕ.

ಇದೇ ಸ್ಕೋರ್ 40ಕ್ಕೂ ಇದೆ, 20ಕ್ಕೂ ಇದೆ. ಛೇದದಲ್ಲಿ ಎಷ್ಟಿದೆ ಎಂದು ನೋಡದೆ "ನನ್ನದು 12, ನಿನ್ನದು 18" ಎಂದು ಹೋಲಿಸಬೇಡಿ.

ಕೋ-ರಾಡ್ಸ್ 5 ಎಂದೂ ಬರೆದಿದ್ದಾರೆ. 5ಕ್ಕೆ 5 ಎಂದರೆ ಗಂಭೀರವಲ್ಲವೇ?

ಕೋ-ರಾಡ್ಸ್ ಹೇಳುವುದು ಅನುಮಾನದ ಮಟ್ಟವನ್ನು. ನೆದರ್‌ಲ್ಯಾಂಡ್ಸ್‌ನ ರೇಡಿಯಾಲಜಿ ಸಂಘ 2020ರಲ್ಲಿ ಇದನ್ನು ರೂಪಿಸಿತು. ಚಿತ್ರ ನೋಡಿದರೆ ಕೋವಿಡ್ ಇರುವ ಸಾಧ್ಯತೆ ಎಷ್ಟು ಎನ್ನುವುದಷ್ಟೇ ಅದರ ವಿಷಯ. 5 ಎಂದರೆ ಸಾಧ್ಯತೆ ತುಂಬಾ ಹೆಚ್ಚು, 6 ಎಂದರೆ ಆರ್‌ಟಿ-ಪಿಸಿಆರ್‌ನಲ್ಲಿ ಖಚಿತವಾಗಿದೆ. ಎರಡು ಚಿಕ್ಕ ಮಚ್ಚೆಗಳಷ್ಟೇ ಇದ್ದರೂ ಅವು ಕೋವಿಡ್‌ನ ಮಾದರಿಯಲ್ಲೇ ಇದ್ದರೆ ಕೋ-ರಾಡ್ಸ್ 5 ಬರುತ್ತದೆ. ಕಾಯಿಲೆಯ ತೀವ್ರತೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ನಿಜವಾದ "ಅಳತೆ" ಎಂದರೆ ಯಾವುದು?

ಸಿಟಿ ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ಸಿಟಿ ಯಂತ್ರವನ್ನು ರೂಪಿಸಿ 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಿನಲ್ಲಿ ಅದನ್ನು ಹೌನ್ಸ್‌ಫೀಲ್ಡ್ ಯೂನಿಟ್, ಚಿಕ್ಕದಾಗಿ ಎಚ್‌ಯು ಎನ್ನುತ್ತೇವೆ. ನೀರು 0, ಗಾಳಿ -1000. ಆರೋಗ್ಯವಂತ ಶ್ವಾಸಕೋಶದಲ್ಲಿ ಹೆಚ್ಚು ಪಾಲು ಗಾಳಿ, ಸ್ವಲ್ಪ ಅಂಗಾಂಶ ಮತ್ತು ರಕ್ತ. ಹಾಗಾಗಿ ಪೂರ್ತಿ ಉಸಿರು ಎಳೆದುಕೊಂಡಾಗ ಅದು -800ರ ಆಸುಪಾಸಿನಲ್ಲಿರುತ್ತದೆ. ಗಾಳಿಚೀಲಗಳಲ್ಲಿ ನೀರು, ಜೀವಕೋಶಗಳು ತುಂಬಿದಂತೆ ಸಂಖ್ಯೆ ಸೊನ್ನೆಯ ಕಡೆಗೆ ಸರಿಯುತ್ತದೆ. ರಕ್ತನಾಳಗಳು ಇನ್ನೂ ಕಾಣುವಷ್ಟು ಮಸುಕಾಗಿದ್ದರೆ ಗ್ರೌಂಡ್ ಗ್ಲಾಸ್, ನಾಳಗಳೂ ಮುಚ್ಚಿಹೋಗುವಷ್ಟು ಬೆಳ್ಳಗಾಗಿದ್ದರೆ ಕನ್ಸಾಲಿಡೇಶನ್.

ಒಂದು ಮಿಲಿಮೀಟರ್ ಸ್ಲೈಸ್‌ನಲ್ಲಿ ಎದೆಯನ್ನು ತೆಗೆದರೆ ಸುಮಾರು 300 ಚಿತ್ರಗಳು, ಒಂದೊಂದರಲ್ಲಿ 512 × 512 ಚುಕ್ಕೆಗಳು, ಅಂದರೆ ಹೆಚ್ಚುಕಡಿಮೆ 7.9 ಕೋಟಿ ಸಂಖ್ಯೆಗಳು. ಅವುಗಳಲ್ಲಿ ಶ್ವಾಸಕೋಶಕ್ಕೆ ಸೇರಿದವನ್ನು ಬೇರ್ಪಡಿಸಿ, ಯಾವ ಎಚ್‌ಯು ಪಟ್ಟಿಯಲ್ಲಿ (ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯಲ್ಲಿ) ಎಷ್ಟು ಬಿದ್ದಿವೆ ಎಂದು ಎಣಿಸಿದರೆ ಗ್ರೌಂಡ್ ಗ್ಲಾಸ್ ಎಷ್ಟು ಮಿಲಿಲೀಟರ್, ಕನ್ಸಾಲಿಡೇಶನ್ ಎಷ್ಟು, ಗಾಳಿಯಾಡುವ ಭಾಗ ಎಷ್ಟು ಎನ್ನುವುದು ಸಿಗುತ್ತದೆ. ಶ್ವಾಸಕೋಶದ ತೂಕವನ್ನೂ ತೆಗೆಯಬಹುದು: ಗಾತ್ರವನ್ನು, ಸರಾಸರಿ ಎಚ್‌ಯುಗೆ 1000 ಕೂಡಿಸಿ 1000ದಿಂದ ಭಾಗಿಸಿದ ಸಂಖ್ಯೆಯಿಂದ ಗುಣಿಸಿದರೆ ಗ್ರಾಂಗಳಲ್ಲಿ ತೂಕ. ಮಿಲಿಲೀಟರ್ ಗಾತ್ರದಲ್ಲಿ ಈ ಸಂಖ್ಯೆಯನ್ನು ಕಳೆದರೆ ಉಳಿದದ್ದು ಗಾಳಿಯ ಗಾತ್ರ.

ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಗ್ರೌಂಡ್ ಗ್ಲಾಸ್?

ಎಲ್ಲರೂ ಒಪ್ಪಿದ ಒಂದೇ ಗಡಿ ಇಲ್ಲ. ತಕರಾರು ಹುಟ್ಟುವುದೇ ಇಲ್ಲಿ. ಐಸಿಯು ವೈದ್ಯರು ಮಿಲಾನ್‌ನ ಲುಚಿಯಾನೊ ಗಟ್ಟಿನೋನಿ ತಂಡ 1980ರ ದಶಕದಿಂದ ಬೆಳೆಸಿದ ಎಆರ್‌ಡಿಎಸ್ (ಶ್ವಾಸಕೋಶ ದಿಢೀರನೆ ತೀವ್ರವಾಗಿ ಸೋಲುವ ಸ್ಥಿತಿ) ಸಂಪ್ರದಾಯವನ್ನು ಅನುಸರಿಸುತ್ತಾರೆ: -1000ದಿಂದ -900 ಅತಿಯಾಗಿ ಉಬ್ಬಿದ ಭಾಗ, -900ದಿಂದ -500 ಚೆನ್ನಾಗಿ ಗಾಳಿಯಾಡುವ ಭಾಗ, -500ರಿಂದ -100 ಅರೆಬರೆ, -100ರಿಂದ +100 ಗಾಳಿಯೇ ಇಲ್ಲದ್ದು. ಕೋವಿಡ್ ಕಾಲದ ಹಲವು ಅಧ್ಯಯನಗಳು ಬೇರೆ ಗಡಿ ಬಳಸಿದವು. ಇಟಲಿಯ ಪಿಯಾಚೆನ್ಸಾದಿಂದ 2020ರಲ್ಲಿ ಬಂದ, ಆಸ್ಪತ್ರೆಗೆ ದಾಖಲಾಗುವಾಗ ಚೆನ್ನಾಗಿ ಗಾಳಿಯಾಡುತ್ತಿದ್ದ ಶ್ವಾಸಕೋಶದ ಪಾಲು ಮುಂದಿನ ಗತಿಯನ್ನು ಸೂಚಿಸುತ್ತದೆ ಎಂದು ತೋರಿಸಿದ ಅಧ್ಯಯನದಲ್ಲಿ ಆ ಪಟ್ಟಿ -950ರಿಂದ -700.

-600ರಲ್ಲಿರುವ ಒಂದು ಚುಕ್ಕೆಯನ್ನು ತೆಗೆದುಕೊಳ್ಳಿ. ಮೊದಲ ಪದ್ಧತಿಯಲ್ಲಿ ಅದು ಆರೋಗ್ಯವಂತ, ಎರಡನೆಯದರಲ್ಲಿ ರೋಗಗ್ರಸ್ತ. ಎರಡು ಸಾಫ್ಟ್‌ವೇರ್‌ಗಳು ಒಂದೇ ಸ್ಕ್ಯಾನ್‌ಗೆ ಶೇ 28 ಮತ್ತು ಶೇ 45 ಎಂದರೆ ಎರಡೂ ಸರಿಯಿರಬಹುದು. ಒಬ್ಬ ರೋಗಿಯ ಎಲ್ಲ ಸ್ಕ್ಯಾನ್‌ಗಳಿಗೂ ಒಂದೇ ಗಡಿ, ಒಂದೇ ಸಾಫ್ಟ್‌ವೇರ್, ಅದರ ಒಂದೇ ಆವೃತ್ತಿ ಇರಲಿ. ರಿಪೋರ್ಟ್‌ನಲ್ಲಿ ಗಡಿಗಳನ್ನು ಬರೆಯದೆ ಶೇಕಡಾ ಒಂದನ್ನೇ ಬರೆದಿದ್ದರೆ ಆ ಸಂಖ್ಯೆಯಿಂದ ಮುಂದೆ ಏನೂ ಉಪಯೋಗವಿಲ್ಲ.

ಹೋಲಿಕೆಗೆ ತಕ್ಕಂತೆ ಸ್ಕ್ಯಾನ್ ತೆಗೆಯುವುದು ಹೇಗೆ?

ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಚಿತ್ರದಲ್ಲಿ ಬೆಳ್ಳಗೆ ಕಾಣುವ ದ್ರವ) ಇಲ್ಲದೆ, 1 ಅಥವಾ 1.5 ಮಿಲಿಮೀಟರ್ ಸ್ಲೈಸ್, ಪ್ರತಿ ಬಾರಿಯೂ ಅದೇ ಕೆವಿ (ಎಕ್ಸ್‌ರೇ ಟ್ಯೂಬ್‌ನ ವೋಲ್ಟೇಜ್, ಸಾಮಾನ್ಯವಾಗಿ 120), ಅದೇ ಕರ್ನೆಲ್ (ಕಚ್ಚಾ ಡೇಟಾದಿಂದ ಚಿತ್ರ ಕಟ್ಟುವಾಗ ಬಳಸುವ ಫಿಲ್ಟರ್). ರೇಡಿಯಾಲಜಿಸ್ಟ್ ಕಣ್ಣಿಗೆ ಚೆಂದ ಕಾಣುವ ಚೂಪಾದ ಲಂಗ್ ಕರ್ನೆಲ್ ಎಣಿಕೆಗೆ ಒಳ್ಳೆಯದಲ್ಲ. ಅದರಲ್ಲಿ ನಾಯ್ಸ್ ಜಾಸ್ತಿ, ಅಕ್ಕಪಕ್ಕದ ಚುಕ್ಕೆಗಳು ಗಡಿಯ ಆಚೆ ಈಚೆ ಹಾರಾಡುತ್ತವೆ. ಮೆದು ಕರ್ನೆಲ್‌ನಲ್ಲಿ ಇನ್ನೊಂದು ಸೀರೀಸ್ ಮಾಡಿ ಉಳಿಸಿದರೆ ಸಾಕು. ರೋಗಿಯನ್ನು ಮತ್ತೆ ಮಲಗಿಸುವ ಅಗತ್ಯವಿಲ್ಲ. ಕಚ್ಚಾ ಡೇಟಾ ಕೆಲವೇ ದಿನಗಳಲ್ಲಿ ಸ್ಕ್ಯಾನರ್‌ನಿಂದ ಅಳಿಸಿಹೋಗುವುದರಿಂದ ಇದನ್ನು ಅಂದೇ ಮಾಡಿಸಬೇಕು.

ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು) ಅನುಮಾನಕ್ಕೆ ಕಾಂಟ್ರಾಸ್ಟ್ ಹಾಕಿ ತೆಗೆದ ಆಂಜಿಯೋ ಸ್ಕ್ಯಾನನ್ನು ಹಿಂದಿನ ಸಾದಾ ಸ್ಕ್ಯಾನ್ ಜೊತೆ ಅಂಕಿಯಲ್ಲಿ ಹೋಲಿಸಬಾರದು. ಕಾಂಟ್ರಾಸ್ಟ್ ಇಡೀ ಶ್ವಾಸಕೋಶದ ಎಚ್‌ಯು ಏರಿಸುತ್ತದೆ, ಕಾಯಿಲೆ ಹೆಚ್ಚಾದಂತೆ ತೋರುತ್ತದೆ.

ಐಸಿಯು ರೋಗಿಗಳಲ್ಲಿ ಇನ್ನೊಂದು ತೊಡಕು: ಕೈಗಳನ್ನು ತಲೆಯ ಮೇಲೆ ಎತ್ತಲಾಗದೆ ಪಕ್ಕದಲ್ಲೇ ಇಟ್ಟರೆ ಮೂಳೆಯ ಅಡ್ಡ ಗೆರೆಗಳು ಶ್ವಾಸಕೋಶದ ಮೇಲೆ ಬೀಳುತ್ತವೆ. ಇಸಿಜಿ ತಂತಿಗಳನ್ನಾದರೂ ಆದಷ್ಟು ಪಕ್ಕಕ್ಕೆ ಸರಿಸಿ.

ಉಸಿರು ಹಿಡಿಯುವುದು ಅಷ್ಟು ಮುಖ್ಯವೇ?

ಎಲ್ಲಕ್ಕಿಂತ ಮುಖ್ಯ. ಲೆಕ್ಕ ನೋಡಿ. ಒಬ್ಬರ ಎರಡೂ ಶ್ವಾಸಕೋಶಗಳ ತೂಕ 900 ಗ್ರಾಂ ಎಂದಿಟ್ಟುಕೊಳ್ಳಿ. ಪೂರ್ತಿ ಉಸಿರೆಳೆದು ಒಟ್ಟು ಗಾತ್ರ 4500 ಮಿಲಿ ಆದಾಗ ಸರಾಸರಿ -800 ಎಚ್‌ಯು. ಅದೇ ವ್ಯಕ್ತಿ ಅರೆ ಉಸಿರಿನಲ್ಲಿ 3000 ಮಿಲಿಗೆ ನಿಂತರೆ -700. ಕಾಯಿಲೆ ಒಂದಿಷ್ಟೂ ಬದಲಾಗದೆ ಸರಾಸರಿ 100 ಎಚ್‌ಯು ಜರುಗಿತು, -700ರ ಗಡಿ ಬಳಸುವ ಸಾಫ್ಟ್‌ವೇರ್‌ನಲ್ಲಿ ಶ್ವಾಸಕೋಶದ ದೊಡ್ಡ ಭಾಗ "ಗ್ರೌಂಡ್ ಗ್ಲಾಸ್" ಆಗಿಬಿಟ್ಟಿತು.

ನಿಮಿಷಕ್ಕೆ 30 ಬಾರಿ ಉಸಿರಾಡುವವರಿಗೆ ಹತ್ತು ಸೆಕೆಂಡು ಉಸಿರು ಹಿಡಿಯುವುದು ಆಗದ ಮಾತು. ಟೇಬಲ್ ಮೇಲೆ ಮಲಗಿಸುವ ಮೊದಲೇ ಕನ್ನಡದಲ್ಲೋ ಅವರಿಗೆ ತಿಳಿಯುವ ಭಾಷೆಯಲ್ಲೋ ಎರಡು ಬಾರಿ ಅಭ್ಯಾಸ ಮಾಡಿಸಿ. ಯಂತ್ರದಲ್ಲಿ ರೆಕಾರ್ಡ್ ಆಗಿರುವ ಹಿಂದಿ ಅಥವಾ ಇಂಗ್ಲಿಷ್ ಸೂಚನೆ ಅರ್ಥವಾಗದೆ ಉಸಿರು ಬಿಟ್ಟು ಹಿಡಿಯುವವರಿದ್ದಾರೆ. ಸ್ಕ್ಯಾನನ್ನು ವಪೆಯ ಕಡೆಯಿಂದ ಮೇಲಕ್ಕೆ ತೆಗೆದರೆ, ಹೆಚ್ಚು ಅಲುಗುವ ಕೆಳಭಾಗ ಮೊದಲ ಕೆಲವು ಸೆಕೆಂಡುಗಳಲ್ಲೇ ಮುಗಿದಿರುತ್ತದೆ. ಎರಡು ಟ್ಯೂಬ್‌ಗಳ ಸ್ಕ್ಯಾನರ್ ಇದ್ದಲ್ಲಿ ಹೈ-ಪಿಚ್ ಮೋಡ್‌ನಲ್ಲಿ ಇಡೀ ಎದೆ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ, ಉಸಿರು ಹಿಡಿಯಲೇಬೇಕೆಂದಿಲ್ಲ.

ಉಸಿರು ಸರಿಯಾಗಿತ್ತೇ ಎಂದು ತಿಳಿಯಲು ಶ್ವಾಸನಾಳವನ್ನು ನೋಡಿ. ಅದರ ಹಿಂಬದಿಯ ಪೊರೆ ಹೊರಕ್ಕೆ ಬಾಗಿದ್ದರೆ ಉಸಿರು ಒಳಗೆಳೆದದ್ದು, ಒಳಕ್ಕೆ ಬಾಗಿದ್ದರೆ ಹೊರಬಿಟ್ಟದ್ದು. ವೆಂಟಿಲೇಟರ್‌ನಲ್ಲಿರುವವರಿಗೆ ಸ್ಕ್ಯಾನ್ ಸಮಯದ ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಎಷ್ಟಿತ್ತು, ಉಸಿರಿನ ಯಾವ ಹಂತದಲ್ಲಿ ತಡೆಹಿಡಿದಿರಿ ಎಂಬುದನ್ನು ಬರೆದಿಡಿ. ಪೀಪ್ 8ರಲ್ಲಿ ತೆಗೆದದ್ದನ್ನು 14ರಲ್ಲಿ ತೆಗೆದದ್ದರ ಜೊತೆ ಹೋಲಿಸಿ ಔಷಧಿ ಕೆಲಸ ಮಾಡಿತು ಎಂದು ಸಂತೋಷಪಡುವಂತಿಲ್ಲ.

ಅಳೆಯಲು ದುಬಾರಿ ಸಾಫ್ಟ್‌ವೇರ್ ಬೇಕೇ?

ಆಸ್ಪತ್ರೆಯ ರಿಪೋರ್ಟ್‌ಗೆ ಬಳಸುವುದಾದರೆ ಅನುಮತಿ ಪಡೆದ ಸಾಫ್ಟ್‌ವೇರ್ ಬೇಕು. ಕಲಿಯಲು, ಸಂಶೋಧನೆಗೆ ಉಚಿತವಾಗಿ ಸಿಗುವ 3ಡಿ ಸ್ಲೈಸರ್ ಸಾಕು. ಅದಕ್ಕೆ ಲಂಗ್ ಸಿಟಿ ಅನಲೈಸರ್ ಎಂಬ ಎಕ್ಸ್‌ಟೆನ್ಶನ್ ಇದೆ. ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಬಿಡುಗಡೆ ಮಾಡಿದ ಲಂಗ್‌ಮಾಸ್ಕ್ ಎಂಬ ಪೈಥಾನ್ ಸಾಧನ ಯು-ನೆಟ್ ಎಂಬ ಎಐ ಮಾದರಿಯಲ್ಲಿ ಶ್ವಾಸಕೋಶವನ್ನೂ ಹಾಲೆಗಳನ್ನೂ ಬೇರ್ಪಡಿಸುತ್ತದೆ. ಅಭ್ಯಾಸಕ್ಕೆ ಡೇಟಾ ಬೇಕಿದ್ದರೆ ಮಾಸ್ಕೋದವರು ಸಾರ್ವಜನಿಕಗೊಳಿಸಿದ ಮಾಸ್‌ಮೆಡ್‌ಡೇಟಾದಲ್ಲಿ 1110 ಸ್ಕ್ಯಾನ್‌ಗಳಿವೆ.

ಮಾಡುವ ಕ್ರಮ ಹೀಗೆ:

1. ಪ್ಯಾಕ್ಸ್‌ನಿಂದ (ಆಸ್ಪತ್ರೆಯ ಸ್ಕ್ಯಾನ್ ಸಂಗ್ರಹದಿಂದ) ಮೆದು ಕರ್ನೆಲ್‌ನ ತೆಳು ಸ್ಲೈಸ್ ಸೀರೀಸನ್ನು ಡೈಕಾಮ್ (ಸ್ಕ್ಯಾನರ್‌ನ ಮೂಲ ಫೈಲ್) ರೂಪದಲ್ಲೇ ತೆಗೆದುಕೊಳ್ಳಿ. ರೋಗಿಯ ಹೆಸರು, ನಂಬರ್ ಅಳಿಸಿ.
2. ಫೈಲ್‌ನಲ್ಲಿರುವ ಸಂಖ್ಯೆಯನ್ನು ರೀಸ್ಕೇಲ್ ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಿದರೆ ಎಚ್‌ಯು. ಇಂಟರ್‌ಸೆಪ್ಟ್ ಹೆಚ್ಚಾಗಿ -1024 ಇರುತ್ತದೆ. ಸ್ವಂತ ಪ್ರೋಗ್ರಾಂ ಬರೆಯುವವರು ಇದನ್ನು ಮರೆತರೆ ಗಾಳಿಯೇ ಸೊನ್ನೆಯ ಹತ್ತಿರ ಬಂದು ಕೂರುತ್ತದೆ.
3. ಶ್ವಾಸನಾಳದೊಳಗೆ ಒಂದು ಸಣ್ಣ ವೃತ್ತ ಹಾಕಿ ನೋಡಿ, -1000ದ ಹತ್ತಿರ ಇರಬೇಕು. ಮಹಾಪಧಮನಿಯಲ್ಲಿ ಇನ್ನೊಂದು ಹಾಕಿ, ಕಾಂಟ್ರಾಸ್ಟ್ ಇಲ್ಲದಿದ್ದರೆ 40ರ ಆಸುಪಾಸು, ರಕ್ತಹೀನತೆ ಇದ್ದರೆ ಕಡಿಮೆ. ಇವೆರಡು ಸರಿಯಿಲ್ಲದಿದ್ದರೆ ಮುಂದೆ ಹೋಗಬೇಡಿ.
4. ಶ್ವಾಸಕೋಶವನ್ನು ಬೇರ್ಪಡಿಸಿ, ಗಡಿರೇಖೆಯನ್ನು ಮೂರೂ ದಿಕ್ಕುಗಳಲ್ಲಿ ಕಣ್ಣಾರೆ ಪರಿಶೀಲಿಸಿ, ತಪ್ಪಿದ್ದಲ್ಲಿ ಕೈಯಿಂದ ತಿದ್ದಿ.
5. ಆಮೇಲಷ್ಟೇ ಎಚ್‌ಯು ಪಟ್ಟಿಗಳನ್ನು ಎಣಿಸಿ.

ಗಾತ್ರ ಲೆಕ್ಕ ಹಾಕುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಸ್ಲೈಸ್ ದಪ್ಪ 1 ಮಿಲಿಮೀಟರ್ ಇದ್ದು, ಸ್ಲೈಸ್‌ಗಳ ನಡುವಿನ ಅಂತರ 0.7 ಇರಬಹುದು. ಅಂದರೆ ಒಂದರ ಮೇಲೊಂದು ಹಾಯ್ದಿವೆ. ದಪ್ಪದಿಂದ ಗುಣಿಸಿದರೆ ಗಾತ್ರ ಶೇ 43ರಷ್ಟು ಹೆಚ್ಚಾಗಿ ಬರುತ್ತದೆ. ಗುಣಿಸಬೇಕಾದ್ದು ಅಂತರದಿಂದ.

ಎಐ ಎಲ್ಲಿ ತಪ್ಪುತ್ತದೆ?

ಕಾಯಿಲೆ ತೀವ್ರವಾದಷ್ಟೂ ತಪ್ಪು ಜಾಸ್ತಿ. ಪಕ್ಕೆಗೆ ಅಂಟಿಕೊಂಡ ಕನ್ಸಾಲಿಡೇಶನ್‌ನ ಎಚ್‌ಯು ಎದೆಗೂಡಿನ ಸ್ನಾಯುವಿನಷ್ಟೇ ಇರುತ್ತದೆ. ಸಾಫ್ಟ್‌ವೇರ್ ಅದನ್ನು ಎದೆಗೋಡೆ ಎಂದುಕೊಂಡು ಹೊರಗೆ ಬಿಡುತ್ತದೆ. ಆಗ ಕಾಯಿಲೆಯ ಪಾಲೂ ಕಡಿಮೆ, ಒಟ್ಟು ಶ್ವಾಸಕೋಶವೂ ಕಡಿಮೆ, ಶೇಕಡಾ ಚೆನ್ನಾಗಿ ಕಾಣುತ್ತದೆ. ರೋಗಿಯ ಸ್ಥಿತಿ ಬಿಗಡಾಯಿಸುತ್ತಿರುವಾಗ ಅಂಕಿ ಸುಧಾರಿಸಿದರೆ ಮೊದಲು ನೋಡಬೇಕಾದ್ದು ಈ ಗಡಿರೇಖೆಯನ್ನು.

ಇದಕ್ಕೆ ವಿರುದ್ಧದ ತಪ್ಪೂ ಇದೆ. ಪ್ಲೂರಾದಲ್ಲಿ (ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ) ನೀರು ತುಂಬಿದ್ದರೆ ಅದನ್ನು ಕನ್ಸಾಲಿಡೇಶನ್ ಎಂದು ಎಣಿಸಬಹುದು. ರಕ್ತನಾಳಗಳೂ ಅದೇ ಎಚ್‌ಯು ಪಟ್ಟಿಗೆ ಬೀಳುವುದರಿಂದ ಪೂರ್ತಿ ಆರೋಗ್ಯವಂತರಲ್ಲೂ ಅಂಕಿ ಸೊನ್ನೆ ಬರುವುದಿಲ್ಲ. ಬೆನ್ನ ಮೇಲೆ ಮಲಗಿದ್ದಾಗ ಶ್ವಾಸಕೋಶದ ಹಿಂಭಾಗ ಒದ್ದೆ ಸ್ಪಂಜಿನಂತೆ ತನ್ನ ಭಾರಕ್ಕೇ ಕುಸಿಯುತ್ತದೆ, ಅದೂ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಅನುಮಾನವಿದ್ದು ರೋಗಿಗೆ ಸಾಧ್ಯವಿದ್ದರೆ ಬೋರಲು ಮಲಗಿಸಿ ಕೆಲವೇ ಸ್ಲೈಸ್ ತೆಗೆದರೆ, ಬರೀ ಕುಸಿತವಾಗಿದ್ದರೆ ಅಲ್ಲಿ ಗಾಳಿ ತುಂಬಿ ತಿಳಿಯಾಗುತ್ತದೆ. ಬೀಡಿ ಸಿಗರೇಟಿನಿಂದ ಎಂಫಿಸೀಮಾ (ಗಾಳಿಚೀಲಗಳ ಗೋಡೆ ನಾಶವಾಗುವ ಕಾಯಿಲೆ) ಆದವರಲ್ಲಿ ತೊಡಕು ಬೇರೆ ಥರದ್ದು: ಶ್ವಾಸಕೋಶ ಮೊದಲೇ ಟೊಳ್ಳು, ಗ್ರೌಂಡ್ ಗ್ಲಾಸ್ ಬಂದರೂ ಎಚ್‌ಯು "ಸಾಮಾನ್ಯ" ಪಟ್ಟಿಯಲ್ಲೇ ಉಳಿದುಬಿಡಬಹುದು.

ಎರಡು ಸ್ಕ್ಯಾನ್‌ಗಳಲ್ಲೂ ಶೇ 40 ಬಂದಿದೆ. ಬದಲಾವಣೆ ಇಲ್ಲ ಎಂದು ಬರೆಯಬಹುದೇ?

ಶೇಕಡಾ ಒಂದನ್ನೇ ನೋಡಿ ಬರೆಯಬೇಡಿ. ಲೆಕ್ಕಕ್ಕಾಗಿ ಕಟ್ಟಿದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಸ್ಕ್ಯಾನ್‌ನಲ್ಲಿ ಒಟ್ಟು ಗಾತ್ರ 3200 ಮಿಲಿ, ಗ್ರೌಂಡ್ ಗ್ಲಾಸ್ 900, ಕನ್ಸಾಲಿಡೇಶನ್ 400, ಸರಾಸರಿ -620 ಎಚ್‌ಯು. ವಾರದ ನಂತರ ಒಟ್ಟು 2600, ಗ್ರೌಂಡ್ ಗ್ಲಾಸ್ 500, ಕನ್ಸಾಲಿಡೇಶನ್ 550, ಸರಾಸರಿ -570. ಎರಡರಲ್ಲೂ ಕಾಯಿಲೆಯ ಪಾಲು ಶೇ 40ಕ್ಕೆ ತುಸು ಮೇಲೆ.

ಈಗ ತೂಕ ನೋಡಿ: ಮೊದಲನೆಯದು 3200 × 0.38, ಅಂದರೆ 1216 ಗ್ರಾಂ. ಎರಡನೆಯದು 2600 × 0.43, ಅಂದರೆ 1118 ಗ್ರಾಂ. ಗಾಳಿ 1984 ಮಿಲಿಯಿಂದ 1482ಕ್ಕೆ ಇಳಿದಿದೆ. ತೂಕ ಸ್ವಲ್ಪ ಕಡಿಮೆಯಾಗಿದೆ, ಆದ್ದರಿಂದ ಹೊಸದಾಗಿ ನೀರು ತುಂಬಿದಂತಿಲ್ಲ. ಆದರೆ ಅರ್ಧ ಲೀಟರ್ ಗಾಳಿ ಮಾಯವಾಗಿದೆ, ಗ್ರೌಂಡ್ ಗ್ಲಾಸ್‌ನ ಒಂದು ಪಾಲು ಗಟ್ಟಿಯಾಗಿ ಕನ್ಸಾಲಿಡೇಶನ್ ಆಗಿದೆ ಅಥವಾ ಕುಸಿದಿದೆ. ಈ ಹಂತದಲ್ಲಿ ಮೊದಲು ಶ್ವಾಸನಾಳದ ಆಕಾರ, ವಪೆಯ ಎತ್ತರ ನೋಡಿ ಉಸಿರು ಕಡಿಮೆ ಎಳೆದದ್ದು ಕಾರಣವೇ ಅಲ್ಲವೇ ಎಂದು ತೀರ್ಮಾನಿಸಬೇಕು. ಉಸಿರು ಸರಿಯಾಗಿತ್ತು ಎಂದಾದರೆ ಕುಸಿತ, ಕಫ ಕಟ್ಟಿದ ಶ್ವಾಸನಳಿಕೆ, ನಾರುಗಟ್ಟುವಿಕೆಯ ಆರಂಭ, ಇವುಗಳನ್ನು ಹುಡುಕಬೇಕು. "ಶೇ 40, ಬದಲಾವಣೆ ಇಲ್ಲ" ಎಂಬ ವಾಕ್ಯದಲ್ಲಿ ಇದೆಲ್ಲ ಹೂತುಹೋಗುತ್ತದೆ.

ರಿಪೋರ್ಟ್‌ನಲ್ಲಿ ಕನಿಷ್ಠ ನಾಲ್ಕು ಅಂಕಿ ಇರಲಿ: ಒಟ್ಟು ಗಾತ್ರ, ಗ್ರೌಂಡ್ ಗ್ಲಾಸ್, ಕನ್ಸಾಲಿಡೇಶನ್, ತೂಕ. ಶೇಕಡಾದಲ್ಲಿ ಎರಡು ಮೂರು ಅಂಶಗಳ ಏರಿಳಿತವನ್ನು ಬದಲಾವಣೆ ಎಂದು ಲೆಕ್ಕಿಸದಿರುವುದೇ ಕ್ಷೇಮ, ಅಷ್ಟು ವ್ಯತ್ಯಾಸ ಉಸಿರಿನಿಂದಲೇ ಬರುತ್ತದೆ.

ಕಾಯಿಲೆ ಶುರುವಾಗಿ ಎಷ್ಟನೇ ದಿನಕ್ಕೆ ಸಿಟಿ ಮಾಡಿಸಿದರೆ ಸರಿ?

ಮೊದಲ ಎರಡು ದಿನಗಳಲ್ಲಿ ಮಾಡಿಸಿದರೆ ಕೋವಿಡ್ ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸ್ಕ್ಯಾನ್ ಸ್ವಚ್ಛವಾಗಿತ್ತು ಎಂದು 2020ರ ಆರಂಭದ ಚೀನಾದ ಅಧ್ಯಯನವೊಂದು ತೋರಿಸಿತು. ಇನ್ನೊಂದರಲ್ಲಿ ಬದಲಾವಣೆಗಳು ಶಿಖರ ಮುಟ್ಟಿದ್ದು ರೋಗಲಕ್ಷಣ ಕಂಡ ಸುಮಾರು ಹತ್ತನೇ ದಿನ. ನಾಲ್ಕನೇ ದಿನ ಸ್ಕೋರ್ 6 ಬಂತೆಂದು ನಿರಾಳವಾಗುವಂತಿಲ್ಲ, ಹನ್ನೆರಡನೇ ದಿನದ 15 ಇಳಿಜಾರಿನಲ್ಲಿರಬಹುದು. ಸ್ಕ್ಯಾನ್ ಮನವಿ ಪತ್ರದಲ್ಲಿ ದಾಖಲಾದ ದಿನಾಂಕದ ಬದಲು ಜ್ವರ ಶುರುವಾದ ದಿನಾಂಕ ಬರೆಯಿರಿ.

ಇಷ್ಟು ದಿನಕ್ಕೊಮ್ಮೆ ಎಂದು ನಿಗದಿ ಮಾಡಿ ಸ್ಕ್ಯಾನ್ ಮಾಡಿಸುವುದಕ್ಕೆ ಆಧಾರವಿಲ್ಲ. ಆಮ್ಲಜನಕದ ಮಟ್ಟ ಚೆನ್ನಾಗಿರುವ, ಮನೆಯಲ್ಲಿರುವ ರೋಗಿಗೆ ಸಿಟಿಯೇ ಬೇಡ. ಮತ್ತೆ ಮಾಡಿಸಬೇಕಾದ್ದು ಉತ್ತರ ಬೇಕಾದ ಪ್ರಶ್ನೆ ಇದ್ದಾಗ: ಆಮ್ಲಜನಕದ ಅಗತ್ಯ ದಿಢೀರ್ ಏರಿದೆ, ಕಾರಣ ಗೊತ್ತಿಲ್ಲ. ಎದೆಯಲ್ಲಿ ಗಾಳಿ ಸೋರಿಕೆಯ ಅನುಮಾನವಿದೆ. ಇಳಿದ ಜ್ವರ ಮತ್ತೆ ಬಂದಿದೆ, ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೋಂಕು ಸೇರಿಕೊಂಡಿರಬಹುದು. 2021ರಲ್ಲಿ ಕರ್ನಾಟಕದಲ್ಲೂ ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್ ಹೆಚ್ಚಾಗಿ ಮೂಗು, ಕಣ್ಣಿಗೆ ಬಂದರೂ ಶ್ವಾಸಕೋಶಕ್ಕೂ ಬರುತ್ತದೆ. ಸುತ್ತ ಗಟ್ಟಿ ಉಂಗುರ, ನಡುವೆ ಮಸುಕು, ಇದು ಅದರ ಸುಳಿವು. ಶೇಕಡಾ ಎಣಿಸುವ ಸಾಫ್ಟ್‌ವೇರ್‌ಗೆ ಆ ಉಂಗುರ ಕೆಲವು ಮಿಲಿಲೀಟರ್ ಕನ್ಸಾಲಿಡೇಶನ್ ಮಾತ್ರ. ಚಿತ್ರವನ್ನು ಮನುಷ್ಯರೇ ನೋಡಬೇಕು.

ಸ್ಕೋರ್ ಕಡಿಮೆ, ಆದರೆ ಆಮ್ಲಜನಕ ತುಂಬಾ ಇಳಿದಿದೆ. ಹೇಗೆ?

ರಕ್ತನಾಳದಲ್ಲಿ ಹೆಪ್ಪು ಎನ್ನುವುದು ಮೊದಲು ನೆನಪಿಗೆ ಬರಬೇಕು. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಪಲ್ಮನರಿ ಎಂಬಾಲಿಸಂ ಸಾಮಾನ್ಯವಾಗಿ ಕಾಣುವುದಿಲ್ಲ. ಹೆಪ್ಪು ಇಲ್ಲದಿದ್ದರೂ ಕೋವಿಡ್‌ನಲ್ಲಿ ರಕ್ತಸಂಚಾರದ ಹಂಚಿಕೆ ಕೆಟ್ಟು ಗಾಳಿಯಿಲ್ಲದ ಭಾಗಕ್ಕೆ ಹೆಚ್ಚು ರಕ್ತ ಹರಿಯಬಹುದು. ಸಿಟಿ ಅಳೆಯುವುದು ಗಾಳಿ ಎಲ್ಲಿದೆ ಎಂದು, ರಕ್ತ ಎಲ್ಲಿ ಹರಿಯುತ್ತಿದೆ ಎಂದಲ್ಲ.

ಸ್ಕೋರ್ ನೋಡಿ ಸ್ಟೀರಾಯ್ಡ್ ಶುರು ಮಾಡಬಹುದೇ?

ಮಾಡಬಾರದು. ಬ್ರಿಟನ್ನಿನ ರಿಕವರಿ ಟ್ರಯಲ್ 2020ರಲ್ಲಿ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, ಗರಿಷ್ಠ 10 ದಿನ, ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದವರಲ್ಲಿ ಸಾವನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಆಮ್ಲಜನಕ ಬೇಡದವರಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಅಳತೆಗೋಲು ಆಮ್ಲಜನಕದ ಅಗತ್ಯವೇ ಹೊರತು ಸಿಟಿ ಅಲ್ಲ. ಎರಡನೇ ಅಲೆಯಲ್ಲಿ ಸ್ಕೋರ್ ಹಿಡಿದು ಮೆಡಿಕಲ್ ಶಾಪ್‌ಗೆ ಹೋಗಿ ಮಾತ್ರೆ ತಂದವರ ಸಕ್ಕರೆ ಏರಿ, ಶಿಲೀಂಧ್ರಕ್ಕೆ ದಾರಿಯಾದದ್ದೂ ಇದೆ. ಇನ್‌ಫ್ಲುಯೆಂಜಾದಲ್ಲಿ ಸ್ಟೀರಾಯ್ಡ್ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು.

ವೆಂಟಿಲೇಟರ್ ಮೇಲಿರುವವರಿಗೆ ಈ ಅಳತೆಯಿಂದ ಏನು ಪ್ರಯೋಜನ?

ನಮ್ಮ ದೃಷ್ಟಿಯಲ್ಲಿ ಅಳತೆಗೆ ನಿಜವಾದ ಬೆಲೆ ಇರುವುದು ಇಲ್ಲಿಯೇ. ಎಆರ್‌ಡಿಎಸ್‌ನಲ್ಲಿ ಶ್ವಾಸಕೋಶ ಬಿಗಿಯಾಗಿರುವುದಕ್ಕಿಂತ ಹೆಚ್ಚಾಗಿ ಚಿಕ್ಕದಾಗಿರುತ್ತದೆ ಎಂಬ ಗಟ್ಟಿನೋನಿಯವರ "ಬೇಬಿ ಲಂಗ್" ಕಲ್ಪನೆ ಹುಟ್ಟಿದ್ದು ಇಂಥ ಸಿಟಿ ಲೆಕ್ಕದಿಂದ. ಗಾಳಿಯಾಡುವ ಭಾಗ 600 ಮಿಲಿಲೀಟರ್ ಮಾತ್ರ ಉಳಿದವರಿಗೆ ಪ್ರತಿ ಉಸಿರಿಗೆ 400 ಮಿಲಿ ತಳ್ಳಿದರೆ ಅಷ್ಟು ಜಾಗಕ್ಕೆ ಅದು ವಿಪರೀತ.

ಎರಡು ಒತ್ತಡಗಳಲ್ಲಿ ಸ್ಕ್ಯಾನ್ ತೆಗೆದು, ಗಾಳಿಯಿಲ್ಲದ ಅಂಗಾಂಶ ಎಷ್ಟು ಗ್ರಾಂ ಕಡಿಮೆಯಾಯಿತು ಎಂದು ನೋಡಿದರೆ ಪೀಪ್ ಏರಿಸಿ ಶ್ವಾಸಕೋಶ ತೆರೆಯಲು ಸಾಧ್ಯವೇ ಎನ್ನುವುದು ತಿಳಿಯುತ್ತದೆ. ಅದೇ ತಂಡ 2006ರಲ್ಲಿ 5 ಮತ್ತು 45 ಸೆಂಟಿಮೀಟರ್ ನೀರಿನ ಒತ್ತಡಗಳನ್ನು ಹೋಲಿಸಿದಾಗ ತೆರೆಯಬಲ್ಲ ಭಾಗ ಸರಾಸರಿ ಶ್ವಾಸಕೋಶದ ತೂಕದ ಶೇ 13 ಇತ್ತು, ಆದರೆ ರೋಗಿಯಿಂದ ರೋಗಿಗೆ ಅಗಾಧ ವ್ಯತ್ಯಾಸ. ತೆರೆಯಲಾಗದವರಲ್ಲಿ ಪೀಪ್ ಏರಿಸಿದರೆ -900ಕ್ಕಿಂತ ಕೆಳಗಿನ, ಅತಿಯಾಗಿ ಉಬ್ಬಿದ ಭಾಗ ಹೆಚ್ಚುತ್ತದೆ ಅಷ್ಟೆ. ಅಂಥ ಸ್ಕ್ಯಾನ್ ಎಲ್ಲ ಆಸ್ಪತ್ರೆಯಲ್ಲೂ ಆಗುವಂಥದ್ದಲ್ಲ, ಅನುಭವವಿರುವ ತಂಡ ಜೊತೆಗಿದ್ದರೆ ಮಾತ್ರ.

ಐಸಿಯುನಿಂದ ಸಿಟಿ ಕೋಣೆಗೆ ಕರೆದೊಯ್ಯುವಾಗ?

ಸಿಲಿಂಡರ್ ಲೆಕ್ಕ ಮೊದಲು. ಬಿ ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್ ಆಮ್ಲಜನಕ. ನಿಮಿಷಕ್ಕೆ 15 ಲೀಟರ್‌ನಲ್ಲಿ 100 ನಿಮಿಷ ಬರುತ್ತದೆ. ಹೈ-ಫ್ಲೋದಲ್ಲಿ ನಿಮಿಷಕ್ಕೆ 50 ಲೀಟರ್ ಶುದ್ಧ ಆಮ್ಲಜನಕ ಹರಿಸುತ್ತಿದ್ದರೆ ಅದೇ ಸಿಲಿಂಡರ್ ಅರ್ಧ ಗಂಟೆಗೆ ಖಾಲಿ. ಲಿಫ್ಟ್ ಕಾಯುವುದು, ಸ್ಕ್ಯಾನರ್ ಖಾಲಿಯಾಗುವುದು, ವಾಪಸ್ ಬರುವುದು ಸೇರಿಸಿ, ಬೇಕಾದ ಸಮಯದ ಎರಡರಷ್ಟು ಇಟ್ಟುಕೊಳ್ಳಿ. ಗೇಜ್‌ನ ಮುಳ್ಳು ಎಲ್ಲಿದೆ ಎಂದು ಐಸಿಯು ಬಾಗಿಲಲ್ಲೇ ನೋಡಿ.

ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್‌ಗೆ ಬದಲಾಯಿಸುವಾಗ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕದಿದ್ದರೆ ಪೀಪ್ ಒಮ್ಮೆಲೇ ಇಳಿದು ಕಷ್ಟಪಟ್ಟು ತೆರೆದ ಶ್ವಾಸಕೋಶ ಮತ್ತೆ ಮುಚ್ಚಿಕೊಳ್ಳುತ್ತದೆ, ಸ್ಕ್ಯಾನ್‌ನಲ್ಲಿ ಕಾಣುವುದು ಆ ಕುಸಿತವೇ. ಟೇಬಲ್ ಗ್ಯಾಂಟ್ರಿಯೊಳಗೆ ಚಲಿಸುವಾಗ ಸರ್ಕ್ಯೂಟ್ ಎಳೆಯದಂತೆ ಒಮ್ಮೆ ಖಾಲಿ ಚಲಿಸಿ ನೋಡುವುದು ಕಡ್ಡಾಯ. ಮಲಗಿಸಲೂ ಆಗದಷ್ಟು ಅಸ್ಥಿರ ರೋಗಿಗೆ ಹಾಸಿಗೆಯಲ್ಲೇ ಎಕ್ಸ್‌ರೇ ಮತ್ತು ಶ್ವಾಸಕೋಶದ ಅಲ್ಟ್ರಾಸೌಂಡ್ ಸಾಕು.

ಒಂದು ಸಿಟಿ ಎಂದರೆ 300 ಎಕ್ಸ್‌ರೇಗೆ ಸಮ ಎನ್ನುತ್ತಾರಲ್ಲ?

2021ರ ಮೇ ತಿಂಗಳಲ್ಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಒಂದು ಸಿಟಿ 300ರಿಂದ 400 ಎಕ್ಸ್‌ರೇಗೆ ಸಮ ಎಂದಿದ್ದರು. ಭಾರತೀಯ ರೇಡಿಯಾಲಜಿಸ್ಟರ ಸಂಘ ಇದನ್ನು ಒಪ್ಪಲಿಲ್ಲ. ಲೆಕ್ಕ ನೀವೇ ಮಾಡಿ ನೋಡಬಹುದು. ಸಾಮಾನ್ಯ ಡೋಸ್‌ನ (ವಿಕಿರಣ ಪ್ರಮಾಣದ) ಎದೆ ಸಿಟಿ 5ರಿಂದ 7 ಮಿಲಿಸೀವರ್ಟ್, ಒಂದು ಎದೆ ಎಕ್ಸ್‌ರೇ 0.02. ಹೀಗೆ ಭಾಗಿಸಿದರೆ 250ರಿಂದ 350. ಕಡಿಮೆ ಡೋಸ್‌ನ ಸಿಟಿ 1.5 ಮಿಲಿಸೀವರ್ಟ್ ಆದರೆ 75. ಎರಡು ಕೋನದ ಎಕ್ಸ್‌ರೇಗೆ 0.1 ಎಂದು ಹಿಡಿದರೆ 15. ಯಾವ ಸಿಟಿ, ಯಾವ ಎಕ್ಸ್‌ರೇ ಎಂಬುದರ ಮೇಲೆ ಎಲ್ಲ ನಿಂತಿದೆ.

ನಿಮ್ಮದೇ ಸ್ಕ್ಯಾನ್‌ನ ಡೋಸ್ ಬೇಕಿದ್ದರೆ ಡೋಸ್ ರಿಪೋರ್ಟ್‌ನಲ್ಲಿ ಡಿಎಲ್‌ಪಿ (ಇಡೀ ಸ್ಕ್ಯಾನ್‌ನ ಒಟ್ಟು ವಿಕಿರಣದ ಅಳತೆ) ಎಂಬ ಸಂಖ್ಯೆ ಹುಡುಕಿ 0.014ರಿಂದ ಗುಣಿಸಿ. ಡಿಎಲ್‌ಪಿ 350 ಇದ್ದರೆ 4.9 ಮಿಲಿಸೀವರ್ಟ್, 100 ಇದ್ದರೆ 1.4. ನ್ಯುಮೋನಿಯಾ ಹಿಂಬಾಲಿಸಲು ಕಡಿಮೆ ಡೋಸ್ ಸಾಕಾಗುತ್ತದೆ, ಕೇಳಲು ಸಂಕೋಚ ಬೇಡ.

ಗರ್ಭಿಣಿಯರಲ್ಲಿ ಎದೆಯ ಸಿಟಿಯಿಂದ ಮಗುವಿಗೆ ತಲುಪುವುದು 0.01ರಿಂದ 0.66 ಮಿಲಿಗ್ರೇ. ಹಾನಿಯ ಆತಂಕ ಶುರುವಾಗುವುದು 50ರ ಮೇಲೆ. ತಾಯಿಯ ಜೀವಕ್ಕೆ ಅಗತ್ಯವಿದ್ದರೆ ಹಿಂಜರಿಯಬಾರದು.

ಫಿಲ್ಮ್‌ನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಹೇಳುತ್ತೀರಾ?

ಹೇಳಲಾಗದು. ಫಿಲ್ಮ್‌ನಲ್ಲಿ, ಫೋಟೊದಲ್ಲಿ ಎಚ್‌ಯು ಉಳಿದಿರುವುದಿಲ್ಲ, ಕಪ್ಪು ಬಿಳುಪಷ್ಟೇ ಇರುತ್ತದೆ. 300 ಸ್ಲೈಸ್‌ಗಳಲ್ಲಿ ಫಿಲ್ಮ್‌ಗೆ ಬರುವುದು ಆಯ್ದ ಕೆಲವು. ಸಿಡಿ ಅಥವಾ ಡೈಕಾಮ್ ಲಿಂಕ್ ಕೇಳಿ ಪಡೆದು, ಮುಂದಿನ ಸ್ಕ್ಯಾನ್‌ಗೆ ಹೋಗುವಾಗ ಒಯ್ಯಿರಿ. ಹಳೆಯ ರಿಪೋರ್ಟ್‌ನ ಕಾಗದಕ್ಕಿಂತ ಹಳೆಯ ಸಿಡಿ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ.

ಗುಣವಾಗಿ ಮನೆಗೆ ಬಂದಿದ್ದೇವೆ. ಮತ್ತೆ ಯಾವಾಗ ಮಾಡಿಸಬೇಕು?

ತೀವ್ರ ಕಾಯಿಲೆ ಇದ್ದವರಿಗೆ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಸಲಹೆ 12ನೇ ವಾರದಲ್ಲಿ ಮೊದಲಿಗೆ ಎಕ್ಸ್‌ರೇ. ಅದು ಸರಿಯಿಲ್ಲದಿದ್ದರೆ ಅಥವಾ ಉಸಿರಾಟದ ತೊಂದರೆ ಉಳಿದಿದ್ದರೆ ಶ್ವಾಸಕೋಶದ ಕಾರ್ಯಪರೀಕ್ಷೆ, ಸಿಟಿ. ಒಂದೇ ತಿಂಗಳಿಗೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಗ್ರೌಂಡ್ ಗ್ಲಾಸ್ ಉಳಿದಿದ್ದರೆ "ಫೈಬ್ರೋಸಿಸ್" ಎಂಬ ಹಣೆಪಟ್ಟಿ ಅಂಟಿಸಬೇಡಿ, ಅದರಲ್ಲಿ ಬಹುಪಾಲು ತಿಂಗಳುಗಳಲ್ಲಿ ಮಾಸುತ್ತದೆ. ಚಿಂತಿಸಬೇಕಾದ್ದು ಶ್ವಾಸನಳಿಕೆಗಳು ಎಳೆದು ಅಗಲವಾಗಿರುವುದು, ಹಾಲೆ ಕುಗ್ಗಿರುವುದು, ಜೇನುಗೂಡಿನಂಥ ರಂಧ್ರಗಳು. ಇವನ್ನು ಎಚ್‌ಯು ಎಣಿಕೆ ಹಿಡಿಯುವುದಿಲ್ಲ. ಮಸುಕು ಮಾಯವಾಗಿ ಎಳೆತ ಉಳಿದರೂ ಸಾಫ್ಟ್‌ವೇರ್ "ಸುಧಾರಣೆ" ಎಂದೇ ತೋರಿಸಬಹುದು. ಹಾಗಾಗಿ ಈ ಹಂತದಲ್ಲಿ ಒಟ್ಟು ಗಾತ್ರ ಮತ್ತು ಹಾಲೆವಾರು ಗಾತ್ರವನ್ನು ಕೇಳಿ ಪಡೆಯಿರಿ.

ಎಚ್1ಎನ್1, ಅಡಿನೋವೈರಸ್‌ಗೂ ಇದೇ ವಿಧಾನವೇ?

ಎಣಿಕೆಯ ವಿಧಾನ ಅದೇ, ಏಕೆಂದರೆ ಎಚ್‌ಯುಗೆ ವೈರಸ್ ಯಾವುದೆಂದು ಗೊತ್ತಿಲ್ಲ. ಆದರೆ ಹತ್ತನೇ ದಿನದ ಶಿಖರ, 25ಕ್ಕೆ ಸ್ಕೋರ್‌ನ ಮೇಲೆ ಕಟ್ಟಿದ ತೀವ್ರತೆಯ ಮಟ್ಟಗಳು, ಇವೆಲ್ಲ ಕೋವಿಡ್ ರೋಗಿಗಳಿಂದ ಬಂದವು. ಇನ್‌ಫ್ಲುಯೆಂಜಾ ಕೆಲವೊಮ್ಮೆ ಇದಕ್ಕಿಂತ ಬೇಗ ಬಿಗಡಾಯಿಸುತ್ತದೆ, ಬ್ಯಾಕ್ಟೀರಿಯಾ ಬೇಗ ಜೊತೆಗೂಡುತ್ತದೆ. ಅಲ್ಲಿ ರೋಗಿಯ ಹಿಂದಿನ ಸ್ಕ್ಯಾನ್ ಜೊತೆ ಹೋಲಿಸಿ, ಕೋವಿಡ್‌ನ ಕಟ್-ಆಫ್‌ಗಳನ್ನು ತಂದು ಹಾಕಬೇಡಿ.